ಪಗ್ಡಿ ಮನೆ ಯಾರ ಪಾಲಿಗೆ? ಬಿಲ್ಡರ್ ಬರುವ ಮೊದಲು ತಿಳಿದಿರಬೇಕಾದ ಕಾನೂನು

ದಕ್ಷಿಣ ಮುಂಬೈನ ಹಳೇ ಚಾಳಿನಲ್ಲಿ ಒಂದು ಖೋಲಿ ಇದೆ ಅಂದುಕೊಳ್ಳಿ. ಬಾಡಿಗೆ ರಸೀದಿ ಇರೋದು ತೀರಿಕೊಂಡ ಅಪ್ಪನ ಹೆಸರಲ್ಲಿ. ಕೊನೆತನಕ ಅವರ ಜೊತೆಗಿದ್ದವಳು ಮಗಳು. ಕಟ್ಟಡ ಮರುನಿರ್ಮಾಣಕ್ಕೆ ಹೋಗುತ್ತೆ ಅಂತ ಗೊತ್ತಾದ ಕೂಡಲೇ ಬೇರೆ ಊರಲ್ಲಿರುವ ಅಣ್ಣಂದಿರು ಪಾಲು ಕೇಳ್ತಾರೆ. ಮಾಲೀಕ, 'ಬಾಡಿಗೆದಾರನೇ ಇಲ್ಲ, ಖೋಲಿ ಬಿಡಿ' ಅಂತಾನೆ. ಕಾನೂನು ಯಾರ ಪರ?

ಬಾಡಿಗೆ ಮನೆಗೆ ಇಷ್ಟೊಂದು ಜಗಳ ಯಾಕೆ?

ಪಗ್ಡಿ ಪದ್ಧತಿಯಲ್ಲಿ ಬಾಡಿಗೆದಾರ ಮೊದಲಿಗೆ ದೊಡ್ಡ ಮೊತ್ತ ಕೊಟ್ಟು, ಆಮೇಲೆ ತೀರಾ ಕಡಿಮೆ ಬಾಡಿಗೆಗೆ ತಲೆಮಾರುಗಟ್ಟಲೆ ಇರುತ್ತಾನೆ. ಹೀಗೆ ಹಣ ಪಡೆಯುವುದನ್ನು ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 56ನೇ ಕಲಂ ಕಾನೂನುಬದ್ಧಗೊಳಿಸಿತು.

ಮುಂಬೈ ದ್ವೀಪ ನಗರದಲ್ಲಿ 1969ರ ಸೆಪ್ಟೆಂಬರ್‌ಗೂ ಮೊದಲು ಕಟ್ಟಿದ, ದುರಸ್ತಿ ಸೆಸ್ ವ್ಯಾಪ್ತಿಯ ಕಟ್ಟಡಗಳಿಗೆ ಮರುನಿರ್ಮಾಣದ ಪ್ರತ್ಯೇಕ ನಿಯಮವಿದೆ, ಅದೇ 33(7). ಅದರ ಪ್ರಕಾರ ಅರ್ಹ ಬಾಡಿಗೆದಾರರಿಗೆ ಕನಿಷ್ಠ 300 ಚದರಡಿ ಕಾರ್ಪೆಟ್ ವಿಸ್ತೀರ್ಣದ ಫ್ಲ್ಯಾಟ್ ಪುಕ್ಕಟೆ, ಅದೂ ಸ್ವಂತಕ್ಕೆ. ಅಂದ್ರೆ ಪುಡಿಗಾಸಿನ ಬಾಡಿಗೆ ಹಕ್ಕು ರಾತ್ರೋರಾತ್ರಿ ಆಸ್ತಿಯಾಗುತ್ತೆ. 1996ರ ಜೂನ್ 13ರ ನಂತರ ಹುಟ್ಟಿಸಿದ ಹೊಸ ಬಾಡಿಗೆಗಳು ಲೆಕ್ಕಕ್ಕಿಲ್ಲ. ಹಾಗಾಗಿ ಖೋಲಿಯನ್ನು ಕಾಗದದ ಮೇಲೆ ಮೂರು ಮಾಡಿದರೂ ಮೂರು ಫ್ಲ್ಯಾಟ್ ಸಿಗಲ್ಲ.

ಹಕ್ಕು ಯಾರಿಗೆ ಹೋಗುತ್ತೆ?

ಉತ್ತರ ಅದೇ ಕಾಯ್ದೆಯ ಕಲಂ 7(15)(ಡಿ)ಯಲ್ಲಿದೆ. ಬಾಡಿಗೆದಾರ ಸತ್ತಾಗ ಅವರ ಜೊತೆ ಅಲ್ಲೇ ವಾಸವಿದ್ದ ಕುಟುಂಬದ ಸದಸ್ಯರಿಗೆ ಮೊದಲ ಹಕ್ಕು. ಅಂಥವರು ಯಾರೂ ಇಲ್ಲದಿದ್ದರೆ ಮಾತ್ರ ಉಳಿದ ವಾರಸುದಾರರ ಸರದಿ. ಒಮ್ಮತ ಇಲ್ಲದಿದ್ದರೆ ತೀರ್ಮಾನ ಕೋರ್ಟಿನದು. ಮುಂಬೈನಲ್ಲಿ ಅದು ಸ್ಮಾಲ್ ಕಾಸಸ್ ಕೋರ್ಟ್.

ಈ ಹಕ್ಕು ಒಂದು ತಲೆಮಾರಿಗೆ ನಿಲ್ಲಲ್ಲ. ಮುಂದಿನ ಬಾಡಿಗೆದಾರ ಸತ್ತಾಗಲೂ ಇದೇ ನಿಯಮ. ಅಂಗಡಿ, ಹೋಟೆಲ್ ಆದರೆ 'ಜೊತೆಗೆ ವಾಸ'ದ ಬದಲು 'ಜೊತೆಗೆ ವ್ಯವಹಾರ' ನೋಡ್ತಾರೆ. ಫೋರ್ಟ್, ಮಾಟುಂಗಾದಲ್ಲಿ ಹೋಟೆಲ್ ನಡೆಸುವ ಕರಾವಳಿ ಕನ್ನಡಿಗ ಕುಟುಂಬಗಳಿಗೆ ಈ ಮಾತು ಮುಖ್ಯ.

ಒಟ್ಟಿನಲ್ಲಿ ಮಾಲೀಕನ ಮಾತು ತಪ್ಪು. ಮಗಳು ಜೊತೆಗಿದ್ದದ್ದು ಸಾಬೀತಾದರೆ ಅಣ್ಣಂದಿರ ವಾದವೂ ನಿಲ್ಲಲ್ಲ.

ವಿಲ್ ಬರೆದಿಟ್ಟರೆ?

ನಡೆಯಲ್ಲ. ಹಳೇ ಬಾಂಬೆ ಬಾಡಿಗೆ ಕಾಯ್ದೆಯ ಇಂಥದ್ದೇ ಕಲಂ ಬಗ್ಗೆ ಸುಪ್ರೀಂ ಕೋರ್ಟ್ 1994ರಲ್ಲಿ ವಸಂತ ಪ್ರತಾಪ ಪಂಡಿತ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ: ಬಾಡಿಗೆ ಹಕ್ಕನ್ನು ವಿಲ್ ಮೂಲಕ ದಾಟಿಸುವಂತಿಲ್ಲ. ಸ್ವಂತ ಆಸ್ತಿಯ ಲೆಕ್ಕಾಚಾರ ಇಲ್ಲಿ ಕೆಲಸ ಮಾಡಲ್ಲ.

ಕಟ್ಟಡ ಕೆಡವಿದ ಮೇಲೆ?

'ಗೋಡೆಯೇ ಇಲ್ಲ, ಇನ್ನೆಲ್ಲಿಯ ಹಕ್ಕು' ಅನ್ನುವ ಮಾಲೀಕರಿಗೆ 2014ರ ಶಾಹಾ ರತನ್ಸಿ ಖಿಮ್ಜಿ ತೀರ್ಪು ಉತ್ತರ. ಕಟ್ಟಡ ನೆಲಸಮವಾದ ಮಾತ್ರಕ್ಕೆ ಬಾಡಿಗೆ ಹಕ್ಕು ಸಾಯಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಹಕ್ಕು ಉಳಿದರೂ ಅಲ್ಲಿ ವಾಸವಿದ್ದ ಕುರುಹು ಅಳಿಸಿಹೋಗುತ್ತೆ. ಅಕ್ಕಪಕ್ಕದ ಸಾಕ್ಷಿಗಳೂ ಚದುರಿಹೋಗ್ತಾರೆ.

ಕರ್ನಾಟಕದಲ್ಲಿ?

ಇಲ್ಲಿ ಹಕ್ಕು ತುಂಬಾ ತೆಳು. ಕರ್ನಾಟಕ ಬಾಡಿಗೆ ಕಾಯ್ದೆ, 1999ರ 5ನೇ ಕಲಂ ಪ್ರಕಾರ, ಜೊತೆಗಿದ್ದು ಅವಲಂಬಿತರಾಗಿದ್ದ ಸಂಗಾತಿ, ಮಕ್ಕಳು ಮುಂತಾದವರಿಗೆ ಸಿಗೋದು ಐದು ವರ್ಷ ಮಾತ್ರ. ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳು ಈ ಕಾಯ್ದೆಯ ವ್ಯಾಪ್ತಿಗೇ ಬರಲ್ಲ. ಇವತ್ತಿನ ಬೆಂಗಳೂರಲ್ಲಿ ಅಷ್ಟು ಕಡಿಮೆ ಬಾಡಿಗೆಯ ಮನೆ ಎಲ್ಲಿದೆ?

ಹಾಗಾದರೆ ಮಾಡಬೇಕಾದ್ದೇನು?

ಮಹಾರಾಷ್ಟ್ರದ ನಿಯಮದ ಹಿಂದಿನ ತತ್ವ ನ್ಯಾಯವಾದದ್ದು: ಮನೆ ಬೇಕಿರೋದು ಅಲ್ಲಿ ಬದುಕುತ್ತಿರುವವರಿಗೆ. ತೊಂದರೆ ಇರೋದು ಪುರಾವೆಯಲ್ಲಿ. ಮನೆ ನೋಡಿಕೊಂಡ ಮಗಳ ಅಥವಾ ಸೊಸೆಯ ಹೆಸರು ಎಷ್ಟೋ ಮನೆಗಳಲ್ಲಿ ಒಂದು ಬಿಲ್ಲಿನಲ್ಲೂ ಇರಲ್ಲ. ದೂರದಲ್ಲಿರುವ ಗಂಡುಮಕ್ಕಳ ಹೆಸರು ಮಾತ್ರ ಪಡಿತರ ಚೀಟಿಯಲ್ಲಿ ಹಾಗೇ ಉಳಿದಿರುತ್ತೆ.

ಆದ್ದರಿಂದ ಹಿರಿಯರು ಇರುವಾಗಲೇ ಜೊತೆಗಿರುವವರ ಆಧಾರ್, ಮತದಾರರ ಗುರುತಿನ ಚೀಟಿ, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್‌ಗಳಲ್ಲಿ ಆ ವಿಳಾಸ ಇರಲಿ. ಹಳೇ ಬಾಡಿಗೆ ರಸೀದಿಗಳನ್ನು ಎಸೆಯಬೇಡಿ. ಸಾವಿನ ನಂತರ ರಸೀದಿ ಹೆಸರು ಬದಲಿಸುವಂತೆ ಮಾಲೀಕನಿಗೆ ಲಿಖಿತವಾಗಿ ಕೇಳಿ, ಬಾಡಿಗೆಯನ್ನು ದಾಖಲೆ ಉಳಿಯುವಂತೆ ಕಟ್ಟಿ. ಮನೆಯವರ ಒಪ್ಪಂದ ಬರಹದಲ್ಲಿರಲಿ. ಬಿಲ್ಡರ್ ಜೊತೆಗಿನ ಕರಾರಿಗೆ ಸಹಿ ಹಾಕುವ ಮುನ್ನ ಅದರಲ್ಲಿ ಯಾರ ಹೆಸರಿದೆ ಅಂತ ಓದಿ. ಬಾಡಿಗೆದಾರರ ಪಟ್ಟಿ ದೃಢೀಕರಿಸುವಾಗ ತಕರಾರಿದ್ದರೆ ಆಗಲೇ ಲಿಖಿತ ಆಕ್ಷೇಪಣೆ ಸಲ್ಲಿಸಿ. ಫ್ಲ್ಯಾಟಿನ ಕೀಲಿ ಕೈ ಬದಲಾದ ಮೇಲೆ ಕೋರ್ಟಿಗೆ ಹೋದರೆ, ನ್ಯಾಯ ಸಿಗುವಷ್ಟರಲ್ಲಿ ಇನ್ನೊಂದು ತಲೆಮಾರೇ ಕಳೆದಿರುತ್ತೆ.