ಆಟದ ಅಂಗಳಕ್ಕೆ ಹೆಂಗಸರು ಬರುವ ದಾರಿ

ಹಿನಕಲ್ ಈಗ ಮೈಸೂರಿನೊಳಗೇ ಸೇರಿಹೋದ ಊರು. ನನ್ನೇಶ್ವರನ ಹಳೆಯ ಗುಡಿಯಿರುವ ಈ ಹಳ್ಳಿಯ ಸುತ್ತ ಬಡಾವಣೆಗಳು, ಕಾರ್ಖಾನೆಗಳು ಎದ್ದು ದಶಕಗಳೇ ಕಳೆದಿವೆ. ಹುಣಸೂರು ರಸ್ತೆಯೂ ವರ್ತುಲ ರಸ್ತೆಯೂ ಕೂಡುವ ಜಾಗದಲ್ಲಿ ಮೇಲ್ಸೇತುವೆಯೂ ಬಂದಿದೆ. ಇಲ್ಲಿಂದ ಬಸ್ಸು ಹಿಡಿದು ಪೂರ್ವಕ್ಕೆ ಹೋದರೆ ಮೈಸೂರು ಪೇಟೆ. ಅಲ್ಲಿ ದಸರಾ ಕುಸ್ತಿ ನಡೆಯುವ ದೊಡ್ಡಕೆರೆ ಮೈದಾನವಿದೆ, ನಜರಬಾದಿನ ಚಾಮುಂಡಿ ವಿಹಾರ ಕ್ರೀಡಾಂಗಣವಿದೆ. ಪಶ್ಚಿಮಕ್ಕೆ ಹೋದರೆ ಹುಣಸೂರು. ಅದನ್ನು ದಾಟಿ ಮುಂದೆ ಸಾಗಿದರೆ ಕೊಡಗು.

ಎರಡು ದಿಕ್ಕಿನಲ್ಲೂ ಆಟವುಂಟು, ಆಟ ನೋಡುವ ಜನರೂ ಉಂಟು. ಆದರೆ ಪೂರ್ವ ದಿಕ್ಕಿನ ಮೈದಾನದಲ್ಲಿ ಕುಳಿತವರನ್ನು ಎಣಿಸಿದರೆ ನೂರಕ್ಕೆ ತೊಂಬತ್ತು ಮಂದಿ ಗಂಡಸರೇ ಇದ್ದಾರೆಂದು ಯಾರಾದರೂ ಹೇಳಿದರೆ ನಾವು ಅಚ್ಚರಿಪಡುವುದಿಲ್ಲ. ಪಶ್ಚಿಮ ದಿಕ್ಕಿನ ಮೈದಾನಕ್ಕೆ ಮಾತ್ರ ಅಜ್ಜಿಯಿಂದ ಮೊಮ್ಮಗಳವರೆಗೆ ಸಂಸಾರವೇ ಹೊರಟು ಬರುತ್ತದೆ. ಈ ವ್ಯತ್ಯಾಸ ಯಾಕೆ? ಫುಟ್‌ಬಾಲ್ ಪಂದ್ಯಕ್ಕೆ ಹೆಂಗಸರು ಬರುತ್ತಿಲ್ಲ, ಅವರನ್ನು ಬರಮಾಡಿಕೊಳ್ಳುವುದು ಹೇಗೆ ಎಂದು ತಲೆ ಕೆಡಿಸಿಕೊಳ್ಳುವವರು ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕಬೇಕು.

‘ಹೆಂಗಸರಿಗೆ ಆಟದಲ್ಲಿ ಆಸಕ್ತಿಯಿಲ್ಲ’ ಎನ್ನುವುದು ಸುಲಭದ ಉತ್ತರ. 2022ರ ಡಿಸೆಂಬರ್‌ನಲ್ಲಿ ಅರ್ಜೆಂಟೀನಾ ಮತ್ತು ಫ್ರಾನ್ಸ್ ನಡುವೆ ವಿಶ್ವಕಪ್ ಫೈನಲ್ ನಡೆದ ರಾತ್ರಿ ಟಿವಿ ಮುಂದೆ ಮೆಸ್ಸಿಗಾಗಿ ಉಸಿರು ಬಿಗಿಹಿಡಿದು ಕುಳಿತ ಹೆಣ್ಣುಮಕ್ಕಳನ್ನು ಕಂಡ ಯಾವ ಮನೆಯವರೂ ಈ ಮಾತನ್ನು ಒಪ್ಪಲಾರರು. ಆಸಕ್ತಿ ಮನೆಯೊಳಗೆ ಇದೆ. ಅದು ಹೊಸ್ತಿಲು ದಾಟಿ ಮೈದಾನದವರೆಗೆ ಬರುತ್ತಿಲ್ಲ, ಅಷ್ಟೆ. ಹೊಸ್ತಿಲಿನಿಂದ ಮೈದಾನದವರೆಗಿನ ಆ ದಾರಿಗೆ ಒಂದು ಚರಿತ್ರೆಯಿದೆ.

ಮೈಸೂರಿನ ಅರಮನೆಯಿಂದಲೇ ಆರಂಭಿಸಬಹುದು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೊಸ ಅರಮನೆ ಕಟ್ಟಲು ತೊಡಗಿ 1912ರಲ್ಲಿ ಪೂರೈಸಿದರು. ಅಲ್ಲಿ ದರ್ಬಾರಿನ ವೈಭವವನ್ನು ಅರಮನೆಯ ಹೆಂಗಸರು ಮೇಲಂತಸ್ತಿನ ಮರೆಯಲ್ಲಿ ಕುಳಿತು ನೋಡುತ್ತಿದ್ದರು. ಅವರು ಎಲ್ಲವನ್ನೂ ನೋಡಬಹುದಿತ್ತು, ಅವರನ್ನು ಮಾತ್ರ ಯಾರೂ ನೋಡುವಂತಿರಲಿಲ್ಲ. ಅರಮನೆಯ ಅಂಗಳದಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗವಾಗಲಿ, ಊರ ಅಖಾಡದ ಕುಸ್ತಿಯಾಗಲಿ, ಸುತ್ತ ನೆರೆದು ಕೇಕೆ ಹಾಕುವ ಹಕ್ಕು ಗಂಡಸಿನದು. ಗರಡಿಮನೆಯ ಕಟ್ಟುಪಾಡು ಇನ್ನೂ ಬಿಗಿ. ಕೆಂಪು ಮಟ್ಟಿಗೆ ಪೂಜೆ ಸಲ್ಲಿಸಿ ಒಳಗಿಳಿಯುವ ಪೈಲ್ವಾನರ ಆ ಮನೆಗೆ ಹೆಂಗಸರು ಕಾಲಿಡುವಂತಿರಲಿಲ್ಲ.

ಹೆಣ್ಣುಮಕ್ಕಳ ಓದಿನ ವಿಷಯದಲ್ಲಿ ಮೈಸೂರು ಹಿಂದೆ ಬಿದ್ದ ಊರಲ್ಲ. 1881ರಲ್ಲೇ ಇಲ್ಲಿ ಮಹಾರಾಣಿಯವರ ಹೆಸರಿನ ಬಾಲಿಕಾ ಪಾಠಶಾಲೆ ಹುಟ್ಟಿತು. ಶಾಲೆಯ ಬಾಗಿಲು ತೆರೆದ ಊರು ಆಟದ ಅಂಗಳದ ಬಾಗಿಲು ತೆರೆಯಲು ಮತ್ತೂ ನೂರು ವರ್ಷ ತೆಗೆದುಕೊಂಡಿತು. ಇಂದು ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳೂ ಸೆಣಸುತ್ತಾರೆ, ಗೆದ್ದವರಿಗೆ ‘ದಸರಾ ಕಿಶೋರಿ’ ಪ್ರಶಸ್ತಿಯಿದೆ. ಆದರೆ ಅಖಾಡದೊಳಗೆ ಬಂದಷ್ಟು ಸುಲಭವಾಗಿ ಹೆಣ್ಣು ಅಖಾಡದ ಸುತ್ತಲಿನ ಮೆಟ್ಟಿಲಿಗೆ ಬಂದಿಲ್ಲ. ಆಡುವವಳಿಗೆ ಒಂದು ಕಾರಣವಿದೆ, ಜೊತೆಗೆ ತರಬೇತುದಾರರಿದ್ದಾರೆ. ಬರಿದೇ ನೋಡಲು ಬರುವವಳನ್ನು ‘ನಿನಗೇನು ಕೆಲಸ ಇಲ್ಲಿ’ ಎಂದು ಬಾಯಿಬಿಟ್ಟು ಕೇಳದಿದ್ದರೂ ಕಣ್ಣಿನಲ್ಲೇ ಕೇಳುವವರಿದ್ದಾರೆ.

ನಮ್ಮಲ್ಲಿ ಫುಟ್‌ಬಾಲ್ ಬಂದದ್ದು ಬೇರೆ ದಾರಿಯಲ್ಲಿ. ಬೆಂಗಳೂರಿನ ದಂಡಿನ ಬ್ರಿಟಿಷ್ ಸಿಪಾಯಿಗಳು ತಂದ ಆಟವನ್ನು ಸುತ್ತಲ ಕೇರಿಗಳ ಹುಡುಗರು ಬರಿಗಾಲಿನಲ್ಲಿ ಕಲಿತರು. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್, ಹಲಸೂರು ಈ ಆಟದ ತವರುಗಳಾದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದು ಬಂತು, ಮರುವರ್ಷವೂ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತು. ಮುಂದೆ ಎಚ್‌ಎಎಲ್, ಐಟಿಐ ಮುಂತಾದ ಕಾರ್ಖಾನೆಗಳ ತಂಡಗಳು ಬಂದವು.

ಇಷ್ಟು ದೊಡ್ಡ ಪರಂಪರೆಯಲ್ಲಿ ನೋಡುಗರು ಯಾರು? ದಂಡಿನಲ್ಲಿ ಸಿಪಾಯಿಗಳು, ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ನೇರ ಮೈದಾನಕ್ಕೆ ಬಂದ ಕೆಲಸಗಾರರು. ಗಂಡಸು ಪಾಳಿ ಮುಗಿಸುವ ಹೊತ್ತೇ ಹೆಂಗಸಿನ ಎರಡನೆಯ ಪಾಳಿ ಶುರುವಾಗುವ ಹೊತ್ತು. ಪಂದ್ಯದ ವೇಳೆಯನ್ನು ಗೊತ್ತುಮಾಡಿದವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೆಂಗಸರು ಬರಬಾರದು ಎಂದು ಯಾರೂ ಹಲಗೆ ಬರೆದು ತೂಗುಹಾಕಿರಲಿಲ್ಲ. ಹಾಕುವ ಅಗತ್ಯವೇ ಬೀಳಲಿಲ್ಲ.

ಹಲಗೆ ತೂಗುಹಾಕಿದ ದೇಶಗಳೂ ಇವೆ. ಇರಾನಿನಲ್ಲಿ 1979ರ ಕ್ರಾಂತಿಯ ನಂತರ ಗಂಡಸರ ಫುಟ್‌ಬಾಲ್ ಪಂದ್ಯಗಳಿಂದ ಹೆಂಗಸರನ್ನು ದೂರವಿಟ್ಟರು. ಗಂಡುವೇಷ ಹಾಕಿಕೊಂಡು ಕ್ರೀಡಾಂಗಣಕ್ಕೆ ನುಸುಳುವ ಹುಡುಗಿಯರ ಕಥೆಯನ್ನು ಜಾಫರ್ ಪನಾಹಿ 2006ರಲ್ಲಿ ‘ಆಫ್‌ಸೈಡ್’ ಎಂಬ ಚಿತ್ರವಾಗಿಸಿದರು. ಅದು ಬರಿಯ ಕಥೆಯಾಗಿ ಉಳಿಯಲಿಲ್ಲ. ಹಾಗೆ ನುಸುಳಲು ಹೋಗಿ ಸಿಕ್ಕಿಬಿದ್ದ ಸಹರ್ ಖೊದಾಯಾರಿ ಎಂಬ ತರುಣಿ ಜೈಲುಶಿಕ್ಷೆಯ ಭಯದಲ್ಲಿ ನ್ಯಾಯಾಲಯದ ಎದುರು ಮೈಗೆ ಬೆಂಕಿ ಹಚ್ಚಿಕೊಂಡಳು. 2019ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಳು. ಜಗತ್ತು ಛೀಮಾರಿ ಹಾಕಿತು. ಮರುತಿಂಗಳು, ಅಕ್ಟೋಬರ್ 10ರಂದು, ಟೆಹರಾನಿನ ಆಜಾದಿ ಕ್ರೀಡಾಂಗಣದಲ್ಲಿ ಇರಾನ್ ಮತ್ತು ಕಾಂಬೋಡಿಯ ಆಡಿದಾಗ 3,500ಕ್ಕೂ ಹೆಚ್ಚು ಹೆಂಗಸರು ಟಿಕೆಟ್ ಕೊಂಡು ಒಳಗೆ ಬಂದರು. ಇರಾನ್ 14 ಗೋಲು ಹೊಡೆದು ಗೆದ್ದಿತು. ಆಜಾದಿ ಎಂದರೆ ಸ್ವಾತಂತ್ರ್ಯ. ಆ ಹೆಸರಿನ ಅಂಗಳದೊಳಗೆ ಬರಲು ಒಂದು ಜೀವವೇ ಹೋಗಬೇಕಾಯಿತು.

ನಮ್ಮ ರಾಜ್ಯಕ್ಕೂ ಇಂಥದೊಂದು ಅಂಗಳದ ನಂಟುಂಟು. 2023ರ ಮಾರ್ಚ್ 4ರಂದು ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದದ್ದು ಸೌದಿ ಅರೇಬಿಯದ ರಿಯಾದಿನಲ್ಲಿ. ಅದಕ್ಕೆ ಐದು ವರ್ಷ ಹಿಂದೆ, 2018ರ ಜನವರಿಯಲ್ಲಷ್ಟೇ, ಆ ದೇಶದ ಹೆಂಗಸರಿಗೆ ಫುಟ್‌ಬಾಲ್ ಪಂದ್ಯ ನೋಡಲು ಅನುಮತಿ ದೊರಕಿತ್ತು.

ಬಾಗಿಲು ತೆರೆದರೆ ಹೆಂಗಸರು ಬರುತ್ತಾರೆ ಎಂಬುದಕ್ಕೆ ಫುಟ್‌ಬಾಲಿನ ತವರಾದ ಇಂಗ್ಲೆಂಡಿನಲ್ಲಿ ಬಹಳ ಹಳೆಯ ಸಾಕ್ಷಿಯಿದೆ. ಅಲ್ಲಿನ ಪ್ರೆಸ್ಟನ್ ಎಂಬ ಗಿರಣಿ ಊರಿನ ಕ್ಲಬ್ ಹೆಂಗಸರಿಗೆ ಪ್ರವೇಶ ಉಚಿತವೆಂದು ಸಾರಿತ್ತು. 1885ರಲ್ಲಿ ಒಂದು ಪಂದ್ಯಕ್ಕೆ ಸುಮಾರು 2,000 ಹೆಂಗಸರು ಬಂದರಂತೆ. ಕ್ಲಬ್ಬಿನವರು ಹಿಗ್ಗುವ ಬದಲು ಗಲ್ಲಾಪೆಟ್ಟಿಗೆ ನೋಡಿಕೊಂಡು ಉಚಿತ ಪ್ರವೇಶವನ್ನೇ ನಿಲ್ಲಿಸಿದರು! ಅದೇ ಪ್ರೆಸ್ಟನ್‌ನ ಕಾರ್ಖಾನೆಯೊಂದರ ಹೆಣ್ಣಾಳುಗಳು ಕಟ್ಟಿದ ಡಿಕ್ ಕೆರ್ ಮಹಿಳಾ ತಂಡದ ಪಂದ್ಯವನ್ನು 1920ರ ಕ್ರಿಸ್‌ಮಸ್ ಮರುದಿನ ಲಿವರ್‌ಪೂಲಿನಲ್ಲಿ 53,000 ಜನ ನೋಡಿದರು. ಮುಂದಿನ ಡಿಸೆಂಬರ್‌ನಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಮೈದಾನಗಳಲ್ಲಿ ಹೆಂಗಸರು ಆಡುವುದನ್ನೇ ನಿಷೇಧಿಸಿತು. ಆ ನಿಷೇಧ ಸುಮಾರು ಐವತ್ತು ವರ್ಷ ಉಳಿಯಿತು. ಫುಟ್‌ಬಾಲ್ ಗಂಡಸರ ಆಟವೆಂಬುದು ಸೃಷ್ಟಿಯ ನಿಯಮವಲ್ಲ, ಸಭೆ ಸೇರಿ ಮಾಡಿದ ಠರಾವು ಎಂಬುದು ಇದರಿಂದ ತಿಳಿಯುತ್ತದೆ.

ಟರ್ಕಿಯ ಇಸ್ತಾಂಬುಲ್‌ನಲ್ಲಿ ಇನ್ನೊಂದು ಸ್ವಾರಸ್ಯ ನಡೆಯಿತು. ಅಭಿಮಾನಿಗಳ ದಾಂಧಲೆಗಾಗಿ ಫೆನರ್‌ಬಾಚೆ ಕ್ಲಬ್ಬಿಗೆ ಖಾಲಿ ಮೈದಾನದಲ್ಲಿ ಆಡುವ ಶಿಕ್ಷೆ ಬೀಳುವುದಿತ್ತು. ಅದರ ಬದಲು ಗಂಡಸರನ್ನು ಹೊರಗಿಟ್ಟು, ಹೆಂಗಸರನ್ನೂ ಮಕ್ಕಳನ್ನೂ ಮಾತ್ರ ಬಿಡಲು ತೀರ್ಮಾನವಾಯಿತು. 2011ರ ಸೆಪ್ಟೆಂಬರ್ 20ರಂದು 41,000ಕ್ಕೂ ಹೆಚ್ಚು ಮಂದಿ ಬಂದು ಕುಳಿತರು. ಆಟಗಾರರು ಗ್ಯಾಲರಿಯತ್ತ ಹೂವೆಸೆದರು. ಬೈಗುಳಕ್ಕೆ ಹೆಸರಾಗಿದ್ದ ಅಂಗಳದಲ್ಲಿ ಅಂದು ಎದುರಾಳಿ ತಂಡಕ್ಕೂ ಚಪ್ಪಾಳೆ ಬಿತ್ತು.

ಹಾಗಾದರೆ ಟಿಕೆಟ್ ಉಚಿತವಾಗಿ ಹಂಚಿಬಿಟ್ಟರೆ ಸಾಕೆ? ಸಾಲದು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ಆಗ ಬಸ್ಸುಗಳು ತುಂಬಿ ಹರಿದದ್ದು ಧರ್ಮಸ್ಥಳದತ್ತ, ಚಾಮುಂಡಿಬೆಟ್ಟದತ್ತ. ಕ್ರೀಡಾಂಗಣದತ್ತ ಅಲ್ಲ. ದೇವಸ್ಥಾನಕ್ಕೆ ಹೊರಟ ಹೆಂಗಸನ್ನು ಮನೆಯಲ್ಲಿ ಯಾರೂ ಕಾರಣ ಕೇಳುವುದಿಲ್ಲ. ಅಲ್ಲಿ ಜೊತೆಗಾರರಿರುತ್ತಾರೆ, ಊಟವಿರುತ್ತದೆ, ಕೂರಲು ಜಾಗವಿರುತ್ತದೆ. ಕತ್ತಲಾದ ಮೇಲೆ ಪಂದ್ಯ ಮುಗಿಸಿಕೊಂಡು ಚಾಮುಂಡಿ ವಿಹಾರದಿಂದ ಹಿನಕಲ್‌ಗೆ ಮರಳಬೇಕಾದ ಹುಡುಗಿಗೆ ಬಸ್ಸಿನ ಟಿಕೆಟ್ಟಿನ ಹಣ ದೊಡ್ಡದಲ್ಲ. ಬಸ್ಸು ಸಿಗುವುದೇ, ನಿಲ್ದಾಣದಲ್ಲಿ ದೀಪವಿದೆಯೇ, ಇಳಿದ ಮೇಲೆ ಮನೆಯವರೆಗಿನ ದಾರಿ ಹೇಗೆ ಎಂಬುದು ದೊಡ್ಡದು. ನಾಲ್ಕು ಗಂಟೆ ಹೊರಗಿರಬೇಕಾದವಳು ಶೌಚಾಲಯ ಹೇಗಿದೆ ಎಂದು ಯೋಚಿಸದೆ ಹೊರಡುವುದಿಲ್ಲ.

ಜನಸಂದಣಿಯ ಭಯವೂ ಸುಳ್ಳಲ್ಲ. 2025ರ ಜೂನ್ 4ರಂದು ಕ್ರಿಕೆಟ್ ವಿಜಯೋತ್ಸವದ ದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಸತ್ತರು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು. ಅದೇ ಅಂಗಳ ಅದಕ್ಕೆ ಒಂದು ವರ್ಷ ಹಿಂದೆ, 2024ರ ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ, ಮಹಿಳಾ ಪ್ರೀಮಿಯರ್ ಲೀಗ್ ಪಂದ್ಯಗಳಿಗೆ ಅಮ್ಮ, ಮಗಳು, ಗೆಳತಿಯರೆಂದು ಗುಂಪುಗುಂಪಾಗಿ ಬಂದವರಿಂದ ತುಂಬಿತ್ತು. ಅಂಗಳ ಅದೇ, ಊರೂ ಅದೇ. ಬರುವವರನ್ನು ಹೇಗೆ ಬರಮಾಡಿಕೊಳ್ಳುತ್ತೇವೆ ಎಂಬುದರಲ್ಲಿ ಎಲ್ಲವೂ ಇದೆ.

ಈ ಪಾಠವನ್ನು ನಮ್ಮ ನಾಟಕ ಕಂಪನಿಗಳೂ ಟೂರಿಂಗ್ ಟಾಕೀಸುಗಳೂ ಎಂದೋ ಕಲಿತಿದ್ದವು. ಡೇರೆಯಲ್ಲಿ ಹೆಂಗಸರಿಗೆ ಬೇರೆ ಜಾಗ, ಬೇರೆ ಬಾಗಿಲು ಇಟ್ಟರು. ಹೆಂಗಸರು ಬರದಿದ್ದರೆ ಕಂಪನಿ ಉಳಿಯದೆಂದು ಮಾಲೀಕರಿಗೆ ಗೊತ್ತಿತ್ತು. ಹಳ್ಳಿಯ ಹೆಂಗಸರು ಗುಂಪು ಕಟ್ಟಿಕೊಂಡು ಗಾಡಿಯಲ್ಲಿ ಬಂದು, ನಡುರಾತ್ರಿ ಗುಂಪಾಗಿಯೇ ಮರಳಿದರು. ಕಾಲಕ್ರಮದಲ್ಲಿ ನಡುವಿನ ಪರದೆ ಹೋಯಿತು, ಸಿನಿಮಾ ಸಂಸಾರದ ಮನರಂಜನೆಯಾಯಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೂ ಇದರ ನೆರಳು ಕಾಣುತ್ತದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತಂಡದ ಪಂದ್ಯಗಳಿಗೆ ಕಾಲೇಜು, ಕಚೇರಿಗಳ ಹೆಣ್ಣುಮಕ್ಕಳು ಬರುತ್ತಾರೆ, ಪಶ್ಚಿಮ ಗ್ಯಾಲರಿಯಲ್ಲಿ ಹಾಡುವ ಅಭಿಮಾನಿಗಳ ನಡುವೆ ನಿಲ್ಲುತ್ತಾರೆ. ಕಬ್ಬನ್ ಪಾರ್ಕಿನ ಮೆಟ್ರೊ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಮರಳುವ ದಾರಿ ಗೊತ್ತಿದ್ದವರು ಧೈರ್ಯವಾಗಿ ಬರುತ್ತಾರೆ.

ಇನ್ನು ಹಿನಕಲ್‌ನಿಂದ ಪಶ್ಚಿಮಕ್ಕೆ ಹೋಗುವ ಆ ರಸ್ತೆ. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನು ಕರಡ ಗ್ರಾಮದಲ್ಲಿ ಆರಂಭಿಸಿದಾಗ 60 ಮನೆತನಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಉತ್ಸವಕ್ಕೆ 360 ಮನೆತನಗಳ ತಂಡಗಳು ಬಂದವು. ಪ್ರತಿ ಸಲ ಒಂದು ಮನೆತನ ಆತಿಥ್ಯ ವಹಿಸುತ್ತದೆ, ಉತ್ಸವಕ್ಕೆ ಆ ಮನೆತನದ್ದೇ ಹೆಸರು. ಒಂದೇ ತಂಡದಲ್ಲಿ ಅಪ್ಪ, ಮಗ, ಕೆಲವೊಮ್ಮೆ ಮಗಳೂ ಸೊಸೆಯೂ ಸ್ಟಿಕ್ ಹಿಡಿಯುತ್ತಾರೆ. ಅಲ್ಲಿ ಹೆಂಗಸರನ್ನು ‘ಪ್ರೋತ್ಸಾಹಿಸಿ’ ಎಂದು ಯಾರೂ ಭಾಷಣ ಮಾಡಬೇಕಾಗಿಲ್ಲ. ತನ್ನ ಮನೆಯ ಹೆಸರು ಮೈದಾನದಲ್ಲಿರುವಾಗ ಆಕೆ ಅತಿಥಿಯಲ್ಲ, ಮನೆಯೊಡತಿ.

ಫುಟ್‌ಬಾಲ್ ನಡೆಸುವವರು ಗಮನಿಸಬೇಕಾದ ಸಂಗತಿ ಇದೇ. ಹೆಂಗಸರಿಗೆಂದು ಒಂದು ದಿನ ಗುಲಾಬಿ ಹಂಚಿ ಫೋಟೋ ತೆಗೆಸಿಕೊಂಡರೆ ಮರುದಿನ ಗ್ಯಾಲರಿ ಮತ್ತೆ ಹಳೆಯ ಗ್ಯಾಲರಿಯೇ. ಬಡಾವಣೆಯ ಶಾಲೆಗಳ ಹುಡುಗಿಯರು ದೊಡ್ಡ ಪಂದ್ಯಕ್ಕೆ ಮೊದಲು ಅದೇ ಮೈದಾನದಲ್ಲಿ ಅರ್ಧ ಗಂಟೆ ಆಡಿದರೆ ಅವರ ಹಿಂದೆ ಅಮ್ಮಂದಿರು ಬರುತ್ತಾರೆ, ಅತ್ತಿಗೆಯರು ಬರುತ್ತಾರೆ. ಆಟ ಸಂಜೆ ಬೇಗ ಮುಗಿಯಲಿ. ಬಾಗಿಲಲ್ಲಿ ತಪಾಸಣೆಗೆ ಮಹಿಳಾ ಸಿಬ್ಬಂದಿಯಿರಲಿ, ನೀರು ಬರುವ ಶೌಚಾಲಯವಿರಲಿ. ಹಿನಕಲ್, ಹೂಟಗಳ್ಳಿ, ವಿಜಯನಗರದ ಕಡೆಗೆ ಪಂದ್ಯ ಮುಗಿದೊಡನೆ ಹೊರಡುವ ಎರಡು ಬಸ್ಸು ನಿಂತಿರಲಿ. ಇವು ಯಾವುವೂ ಕೋಟಿಗಟ್ಟಲೆ ಖರ್ಚಿನ ಬಾಬುಗಳಲ್ಲ.

ಅರಮನೆಯ ಮೇಲಂತಸ್ತಿನ ಮರೆ ಹೋಗಿ ಬಹಳ ಕಾಲವಾಯಿತು. ಈಗ ಅಲ್ಲಿ ಟಿಕೆಟ್ ಕೊಂಡ ಪ್ರವಾಸಿಗರು ಅಡ್ಡಾಡುತ್ತಾರೆ. ಆದರೆ ಮನೆಯ ಟಿವಿಯ ಗಾಜೂ ಒಂದು ಬಗೆಯ ಮರೆಯೇ. ಅದರ ಹಿಂದೆ ಕುಳಿತವಳು ಆಟವನ್ನೆಲ್ಲ ನೋಡುತ್ತಾಳೆ, ಆಟದ ಅಂಗಳಕ್ಕೆ ಮಾತ್ರ ಆಕೆ ಕಾಣುವುದಿಲ್ಲ.