ಅಭ್ಯಾಸದ ರೂಟರ್ ಮತ್ತು ಮನೆಯ ಬ್ರಾಡ್‌ಬ್ಯಾಂಡ್

ನೆಟ್‌ವರ್ಕಿಂಗ್ ಕಲಿಯಬೇಕೆಂದು ನೀವು ಹಳೆಯದೊಂದು ಸಿಸ್ಕೊ 2501 ರೂಟರನ್ನು ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ತಂದಿದ್ದೀರಿ ಎಂದಿಟ್ಟುಕೊಳ್ಳೋಣ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದೆ. ಮೋಡೆಮ್‌ಗೂ ಕಂಪ್ಯೂಟರ್‌ಗೂ ನಡುವೆ ಇದನ್ನಿಟ್ಟರೆ ಅಭ್ಯಾಸ ಶುರುಮಾಡಬಹುದು ಎಂಬುದು ನಿಮ್ಮ ಲೆಕ್ಕಾಚಾರ. ಆದರೆ ಪೆಟ್ಟಿಗೆಯ ಹಿಂಭಾಗ ನೋಡಿದೊಡನೆ ನಿರಾಸೆಯಾಗುತ್ತದೆ. ಈಥರ್ನೆಟ್‌ಗೆ ಇರುವುದು ಒಂದೇ ಕಿಂಡಿ. ಅದೂ ಹದಿನೈದು ಪಿನ್ನುಗಳ ಎಯುಐ ಮಾದರಿಯದು. ಉಳಿದೆರಡು ಸೀರಿಯಲ್ ಕಿಂಡಿಗಳು ಲೀಸ್ಡ್ ಲೈನ್‌ಗಾಗಿ ಇರುವಂಥವು. ಎರಡು ಈಥರ್ನೆಟ್ ಜಾಲಗಳ ನಡುವೆ ಕೂರಲು ಈ ಸಾಧನಕ್ಕೆ ಆಗುವುದಿಲ್ಲ.

ತಪ್ಪು ರೂಟರಿನದಲ್ಲ. ಅದನ್ನು ತಯಾರಿಸಿದ ಕಾಲದಲ್ಲಿ ಮನೆಗೊಂದು ರೂಟರ್ ಬೇಕಾದೀತೆಂಬ ಕಲ್ಪನೆಯೇ ಇರಲಿಲ್ಲ.

ಜಾಲದ ದಟ್ಟಣೆಯನ್ನು ನಿಭಾಯಿಸಲು ಪ್ರತ್ಯೇಕ ಯಂತ್ರವಿರಬೇಕೆಂಬ ವಿಚಾರ ಕಾರ್ಯರೂಪಕ್ಕೆ ಬಂದದ್ದು 1969ರಲ್ಲಿ, ಅಮೆರಿಕದ ಅರ್ಪಾನೆಟ್‌ನಲ್ಲಿ. ಬಿಬಿಎನ್ ಸಂಸ್ಥೆಯು ಹನಿವೆಲ್ ಡಿಡಿಪಿ-516 ಕಂಪ್ಯೂಟರನ್ನು ಮಾರ್ಪಡಿಸಿ ತಯಾರಿಸಿದ ಐಎಂಪಿ ಎಂಬ ಯಂತ್ರ ಆ ಕೆಲಸ ಮಾಡುತ್ತಿತ್ತು. ಅದು ಒಂದು ಬೀರುವಿನಷ್ಟು ದೊಡ್ಡದು.

ಇಂದು ನಾವು ರೂಟರ್ ಎಂದು ಕರೆಯುವ ಪೆಟ್ಟಿಗೆ ರೂಪುಗೊಂಡ ಸ್ಥಳಗಳಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮುಖ್ಯವಾದುದು. ಇಲ್ಲಿ ಒಂದು ಜನಪ್ರಿಯ ಕಥೆಯಿದೆ. ಬೇರೆ ಬೇರೆ ವಿಭಾಗಗಳಲ್ಲಿ ಕೆಲಸ ಮಾಡುತ್ತಿದ್ದ ಲೆನ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ ದಂಪತಿ ಪರಸ್ಪರ ಇ-ಮೇಲ್ ಕಳಿಸಿಕೊಳ್ಳಲೆಂದು ರೂಟರ್ ಕಂಡುಹಿಡಿದರು, 1984ರಲ್ಲಿ ಸಿಸ್ಕೊ ಸ್ಥಾಪಿಸಿದರು ಎಂಬುದು ಅದು. ಕಂಪನಿಯ ಸ್ಥಾಪನೆ ನಿಜ. ಕಂಡುಹಿಡಿದ ಕಥೆ ಮಾತ್ರ ಅಷ್ಟು ಸರಳವಲ್ಲ. 1980ರ ದಶಕದ ಆರಂಭದಲ್ಲೇ ಅಲ್ಲಿನ ವೈದ್ಯಕೀಯ ಶಾಲೆಯ ಕಂಪ್ಯೂಟರ್ ಯೋಜನೆಯಲ್ಲಿದ್ದ ಬಿಲ್ ಯೇಗರ್ ಹಲವು ಪ್ರೋಟೊಕಾಲ್‌ಗಳನ್ನು ನಿಭಾಯಿಸಬಲ್ಲ ರೂಟರ್ ತಂತ್ರಾಂಶವನ್ನು ಬರೆದಿದ್ದರು. ಯಂತ್ರಾಂಶದ ಮಂಡಲಗಳು ಆಂಡಿ ಬೆಕ್ಟೊಲ್‌ಶೈಮ್ ಅವರವು. ‘ನೀಲಿ ಪೆಟ್ಟಿಗೆ’ ಎಂದೇ ಹೆಸರಾಗಿದ್ದ ಆ ಸಾಧನಗಳು ವಿಶ್ವವಿದ್ಯಾಲಯದ ಕಟ್ಟಡಗಳನ್ನು ಬೆಸೆದಿದ್ದವು. ಸಿಸ್ಕೊ ತನ್ನ ಮೊದಲ ಉತ್ಪನ್ನಗಳನ್ನು ಈ ಆಧಾರದ ಮೇಲೆ ಕಟ್ಟಿತು. ಈ ಬಗ್ಗೆ ತಕರಾರೆದ್ದು, 1987ರಲ್ಲಿ ಸ್ಟ್ಯಾನ್‌ಫರ್ಡ್ ಕಂಪನಿಗೆ ಪರವಾನಗಿ ಕೊಟ್ಟಿತು. ತರಗತಿಯಲ್ಲಿ ಈ ಇತಿಹಾಸ ಹೇಳುವ ಶಿಕ್ಷಕರು ದಂಪತಿಯ ಕಥೆಯ ಜೊತೆಗೆ ಯೇಗರ್ ಹೆಸರನ್ನೂ ಹೇಳಬೇಕೆಂದು ನನ್ನ ಕೋರಿಕೆ. ನೀಲಿ ಪೆಟ್ಟಿಗೆಯಲ್ಲಿದ್ದದ್ದು ಮೊಟೊರೋಲ 68000 ಪ್ರೊಸೆಸರ್. ನಿಮ್ಮ ಮೇಜಿನ ಮೇಲಿನ 2501ರಲ್ಲಿರುವುದು ಅದೇ ವಂಶದ 68030!

ಆ ಕಾಲದ ರೂಟರ್ ಪ್ಯಾಕೆಟ್ಟಿನ ವಿಳಾಸ ಓದಿ ಮುಂದೆ ಸಾಗಿಸುತ್ತಿತ್ತೇ ಹೊರತು ವಿಳಾಸವನ್ನು ತಿದ್ದುತ್ತಿರಲಿಲ್ಲ. ನಿಮ್ಮ ಮನೆಯ ರೂಟರ್ ತಿದ್ದುತ್ತದೆ. ಇದೇಕೆಂದು ತಿಳಿಯಲು 1981ಕ್ಕೆ ಹೋಗಬೇಕು. ಆ ವರ್ಷ ಪ್ರಕಟವಾದ ಐಪಿ ನಾಲ್ಕನೆಯ ಆವೃತ್ತಿಯಲ್ಲಿ ವಿಳಾಸಕ್ಕೆ 32 ಬಿಟ್‌ಗಳು. ಅಂದರೆ ಸುಮಾರು 429 ಕೋಟಿ ವಿಳಾಸಗಳು. ಕೆಲವೇ ನೂರು ಕಂಪ್ಯೂಟರ್‌ಗಳಿದ್ದ ಜಾಲಕ್ಕೆ ಇದು ಸಮುದ್ರದಷ್ಟೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಹತ್ತೇ ವರ್ಷಗಳಲ್ಲಿ ಕೊರತೆಯ ಆತಂಕ ಶುರುವಾಯಿತು. 1994ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಆರ್‌ಎಫ್‌ಸಿ 1631ರಲ್ಲಿ ‘ನ್ಯಾಟ್’ ಎಂಬ ವಿಳಾಸ ಬದಲಾವಣೆಯ ಉಪಾಯವನ್ನು ವಿವರಿಸಿದರು. ಶಾಶ್ವತ ಪರಿಹಾರ ಬರುವವರೆಗಿನ ತಾತ್ಕಾಲಿಕ ವ್ಯವಸ್ಥೆಯಿದು ಎಂದು ಅವರೇ ಹೇಳಿದ್ದರು. ಯಾರು ಬೇಕಾದರೂ ಒಳಗೊಳಗೆ ಬಳಸಬಹುದಾದ ಖಾಸಗಿ ವಿಳಾಸಗಳನ್ನು 1996ರ ಆರ್‌ಎಫ್‌ಸಿ 1918 ಪಟ್ಟಿಮಾಡಿತು. ನಮಗೆ ಚಿರಪರಿಚಿತವಾದ 192.168 ಇರುವುದು ಅದರಲ್ಲೇ.

ವಿದ್ಯಾರ್ಥಿನಿಲಯದ ವಾರ್ಡನ್ ಒಬ್ಬರನ್ನು ನೆನೆಯಿರಿ. ಹುಡುಗರು ಬರೆದ ಪತ್ರಗಳೆಲ್ಲ ನಿಲಯದ ಒಂದೇ ವಿಳಾಸದಿಂದ ಹೋಗುತ್ತವೆ. ವಾರ್ಡನ್ ಪ್ರತಿ ಲಕೋಟೆಗೆ ಒಂದು ಸಂಖ್ಯೆ ಹಾಕಿ, ಯಾರ ಪತ್ರವೆಂದು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಉತ್ತರದ ಮೇಲೂ ಅದೇ ಸಂಖ್ಯೆ ಇರುವುದರಿಂದ ಅದು ಸರಿಯಾದ ಹುಡುಗನಿಗೆ ತಲುಪುತ್ತದೆ. ಮನೆಯ ರೂಟರ್ ಪೋರ್ಟ್ ಸಂಖ್ಯೆಯನ್ನು ಬಳಸಿ ಮಾಡುವುದು ಇದನ್ನೇ. ಆದರೆ ಹೊರಗಿನವರು ತಾವಾಗಿಯೇ ಮೊದಲ ಪತ್ರ ಬರೆದರೆ? ರಿಜಿಸ್ಟರಿನಲ್ಲಿ ನಮೂದಿಲ್ಲ, ಪತ್ರ ಕಸದ ಬುಟ್ಟಿಗೆ. ಯಾವ ಕಂಪ್ಯೂಟರ್ ಬೇಕಾದರೂ ಯಾವುದನ್ನು ಬೇಕಾದರೂ ಸಂಪರ್ಕಿಸಬಹುದೆಂಬ ಅಂತರಜಾಲದ ಮೂಲ ತತ್ತ್ವ ಹೀಗೆ ಸದ್ದಿಲ್ಲದೆ ಕಳೆದುಹೋಯಿತು. ನ್ಯಾಟ್ ಇರದಿದ್ದರೆ ಭಾರತದಂಥ ತಡವಾಗಿ ಬಂದ ದೇಶದ ಮನೆಗಳಿಗೆ ಬ್ರಾಡ್‌ಬ್ಯಾಂಡ್ ಇಷ್ಟು ಬೇಗ ಬರುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು. ನಮ್ಮಲ್ಲಿ ಸಾರ್ವಜನಿಕ ಅಂತರಜಾಲ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು. ಬ್ರಾಡ್‌ಬ್ಯಾಂಡ್ ನೀತಿ ಬಂದದ್ದು 2004ರಲ್ಲಿ.

ಈಗ ಅಭ್ಯಾಸಕ್ಕೆ ಬರೋಣ. ಎರಡು ಈಥರ್ನೆಟ್ ಕಿಂಡಿಗಳಿರುವ ರೂಟರ್ ಸಿಕ್ಕಿದರೆ ಅದನ್ನು ಮನೆಯ ರೂಟರಿನ ಒಳಗೆ ಇಡಿ, ಹೊರಗಲ್ಲ. ಮನೆಯ ಜಾಲ 192.168.1 ಆಗಿದ್ದರೆ ಅಭ್ಯಾಸದ ಜಾಲಕ್ಕೆ 10.1.1ರಂತಹ ಬೇರೆ ವಿಳಾಸ ಕೊಡಿ. ಎರಡೂ ಕಡೆ ಒಂದೇ ಇದ್ದರೆ ರೂಟರಿಗೆ ದಾರಿ ತಿಳಿಯದು. ಡಿಎಚ್‌ಸಿಪಿ ಬಗ್ಗೆಯೂ ಎಚ್ಚರವಿರಲಿ. ಒಮ್ಮೆ ನಾನು ಕೇಬಲನ್ನು ತಪ್ಪು ಕಿಂಡಿಗೆ ಸಿಕ್ಕಿಸಿ, ನನ್ನ ಅಭ್ಯಾಸದ ರೂಟರ್ ಮನೆಮಂದಿಯ ಫೋನುಗಳಿಗೆಲ್ಲ ತನ್ನದೇ ವಿಳಾಸ ಹಂಚತೊಡಗಿತ್ತು. ಆ ಸಂಜೆ ಕೇಳಿದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಅಭ್ಯಾಸದ ರೂಟರಿನಲ್ಲಿ ನ್ಯಾಟ್ ಹಾಕಿದರೆ ಎಲ್ಲವೂ ಸುಲಭವಾಗಿ ನಡೆಯುತ್ತದೆ. ಆದರೆ ನೀವು ಕಲಿಯುವುದು ಕಡಿಮೆ. ನ್ಯಾಟ್ ತೆಗೆದು ನೋಡಿ. ನಿಮ್ಮ ಪ್ಯಾಕೆಟ್ ಮನೆಯ ರೂಟರ್ ತಲುಪುತ್ತದೆ, ಉತ್ತರ ಮಾತ್ರ ಬಾರದು. 10.1.1 ಎಲ್ಲಿದೆಯೆಂದು ಆ ರೂಟರಿಗೆ ಗೊತ್ತಿಲ್ಲ. ಅದರಲ್ಲಿ ಒಂದು ಸ್ಥಿರ ಮಾರ್ಗವನ್ನು ಬರೆದ ಕೂಡಲೇ ಇಬ್ಬರ ನಡುವೆ ಮಾತು ಶುರುವಾಗುತ್ತದೆ. ಕೆಲವು ಅಗ್ಗದ ರೂಟರ್‌ಗಳಲ್ಲಿ ಈ ಸೌಲಭ್ಯವಿರುವುದಿಲ್ಲ. ಆಗ ಎರಡನೆಯ ನ್ಯಾಟ್ ಅನಿವಾರ್ಯ.

ಕೊನೆಗೆ ಮನೆಯ ರೂಟರಿನ ಹೊರಗಿನ ವಿಳಾಸವನ್ನು ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ, ಸೇವಾ ಕಂಪನಿಯೂ ನಿಮ್ಮ ವಿಳಾಸ ಬದಲಿಸುತ್ತಿದೆ ಎಂದರ್ಥ. ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರುವರಿಯಲ್ಲಿ ಖಾಲಿಯಾದ ಬಳಿಕ, 2012ರಲ್ಲಿ ಇದಕ್ಕೆಂದೇ ಈ ಸಾಲನ್ನು ಮೀಸಲಿಡಲಾಯಿತು. ಆಗ ಮನೆಯ ರೂಟರಿನಲ್ಲಿ ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರಲಾರರು. 128 ಬಿಟ್‌ಗಳ ಐಪಿ ಆರನೆಯ ಆವೃತ್ತಿಯ ವಿಳಾಸ ಸಿಕ್ಕಿದ್ದರೆ, ಕಂಪನಿ ಕೊಟ್ಟ ಪೂರ್ವಭಾಗ ಎಷ್ಟು ಬಿಟ್ ಉದ್ದವಿದೆಯೆಂದು ಗಮನಿಸಿ. 56 ಆಗಿದ್ದರೆ ನಿಮ್ಮ ಮನೆಯೊಳಗೆ 256 ಜಾಲಗಳನ್ನು ಮಾಡಬಹುದು, ನ್ಯಾಟ್ ಇಲ್ಲದೆ. 64 ಆಗಿದ್ದರೆ ಸಿಗುವುದು ಒಂದೇ ಜಾಲ. ಅಭ್ಯಾಸದ ರೂಟರಿಗೆ ಪಾಲು ಉಳಿಯುವುದಿಲ್ಲ.