ಅಡುಗೆಮನೆಯ ನೆಲಹಾಸು: ಕಪಾಟಿಗೂ ಪಡಸಾಲೆಗೂ ಹೊಂದುವಂತೆ

ಅಡುಗೆಮನೆಗೆ ನೆಲಹಾಸನ್ನು ಆರಿಸುವಾಗ ಬಣ್ಣಕ್ಕಿಂತ ಮೊದಲು ಪರಿಶೀಲಿಸಬೇಕಾದುದು ಪಕ್ಕದ ಕೋಣೆಯ ನೆಲದ ಮಟ್ಟ. ಹಳೆಯ ನೆಲದ ಮೇಲೆಯೇ ಟೈಲ್ಸ್ ಅಂಟಿಸಿದರೆ ಅಂಟೂ ಸೇರಿ ಸುಮಾರು ಒಂದೂವರೆ ಸೆಂಟಿಮೀಟರ್ ಏರುತ್ತದೆ. ಹೊಸ್ತಿಲಿಲ್ಲದ ಬಾಗಿಲಲ್ಲಿ ಆ ಅಂಚೇ ವೃದ್ಧರನ್ನೂ ಮಕ್ಕಳನ್ನೂ ಎಡವಿಸುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆಯ ಹಳೆಯ ಮನೆಗಳಲ್ಲಿ ಶಹಾಬಾದ್ ಕಲ್ಲು, ಪಶ್ಚಿಮ ತೆಲಂಗಾಣದಲ್ಲಿ ತಾಂಡೂರು ಕಲ್ಲು, ಕಾಸರಗೋಡಿನಲ್ಲಿ ಕಾವಿ ನೆಲ ಪರಿಚಿತ. ಪಡಸಾಲೆಯಲ್ಲಿ ಇವು ಸುಸ್ಥಿತಿಯಲ್ಲಿದ್ದರೆ ಅಡುಗೆಮನೆಗೂ ಅದನ್ನೇ ಮುಂದುವರಿಸುವುದು ಲೇಸು. ಚಿಕ್ಕ ಮನೆ ವಿಶಾಲವಾಗಿ ತೋರುತ್ತದೆ. (ಕಾವಿ ನೆಲ ಹಾಕಬಲ್ಲ ಮೇಸ್ತ್ರಿಗಳು ಮಾತ್ರ ಈಗ ವಿರಳ.) ಆದರೆ ಶಹಾಬಾದ್, ತಾಂಡೂರು ಎರಡೂ ಸುಣ್ಣಕಲ್ಲುಗಳು. ಹುಣಸೆ, ಲಿಂಬೆಯ ಹುಳಿ ಬಿದ್ದೊಡನೆ ಒರೆಸದಿದ್ದರೆ ಹೊಳಪು ಹೋಗಿ ಬಿಳಿಚಿದ ಕಲೆ ಉಳಿಯುತ್ತದೆ. ಶೌಚಾಲಯ ತೊಳೆಯುವ ಆಮ್ಲವನ್ನಂತೂ ಅವುಗಳ ಮೇಲೆ ಸುರಿಯಲೇಬಾರದು. ವಿಟ್ರಿಫೈಡ್ ಟೈಲ್ಸ್ ನೀರನ್ನು ಹೀರುವ ಪ್ರಮಾಣ ಶೇ. 0.5ನ್ನು ಮೀರುವುದಿಲ್ಲವಾದ್ದರಿಂದ ಕಲೆಯ ಭಯ ಅಲ್ಪ. ಆದರೆ ನುಣುಪಾದ ಟೈಲ್ಸ್ ಎಣ್ಣೆ, ನೀರು ಬಿದ್ದರೆ ಜಾರುತ್ತದೆ. ಅಂಗಡಿಯಲ್ಲಿ ಹೊಳಪಿನದನ್ನೇ ಮುಂದಿಟ್ಟರೂ ಒಲೆಯ ಮುಂದೆ ಮ್ಯಾಟ್ ಮೇಲ್ಮೈಯೇ ಸರಿ.

ತೇಗದ ಬಣ್ಣದ ಕಪಾಟಿಗೆ ಕಂದು ನೆಲ ಸೇರಿದರೆ ಕೋಣೆ ಮಂಕಾಗುತ್ತದೆ. ತಿಳಿಬೂದು ಅಥವಾ ಕೆನೆಬಣ್ಣ ಹೊಂದುತ್ತದೆ. ಬಿಳಿಯ ಕಪಾಟಿಗೆ ಕಾವಿಯ ಕೆಂಪೂ ಶಹಾಬಾದಿನ ಬೂದುಬಣ್ಣವೂ ಒಪ್ಪುತ್ತವೆ. ಅಚ್ಚಬಿಳಿ ನೆಲ ಅರಿಸಿನದ ಕಲೆಯನ್ನೂ ಅಚ್ಚಕಪ್ಪು ನೆಲ ಹಿಟ್ಟಿನ ಧೂಳನ್ನೂ ಎತ್ತಿ ತೋರಿಸುತ್ತವೆ. ಎರಡು ಮಾದರಿಗಳನ್ನು ಮನೆಗೆ ತಂದು ಕಪಾಟಿನ ಬುಡದಲ್ಲಿಟ್ಟು ಹಗಲಲ್ಲೊಮ್ಮೆ, ದೀಪದ ಬೆಳಕಿನಲ್ಲೊಮ್ಮೆ ನೋಡಬೇಕು. ಕೊಳ್ಳುವಾಗ ಒಂದೇ ಬ್ಯಾಚಿನಿಂದ ಶೇ. 10ರಷ್ಟು ಹೆಚ್ಚುವರಿ ತಂದಿಡಬೇಕು. ಮುಂದೆ ಒಂದು ಒಡೆದರೆ ಅದೇ ಛಾಯೆ ದೊರೆಯುವುದು ದುರ್ಲಭ.